ಒಂದು ಚೌಕ ಬಿಟ್ಟ ಕೌದಿ

ನನ್ನ ಗಂಡನಿಗೆ ವಾರದಲ್ಲಿ ಮೂರು ದಿನ ಚಳಿಯಾಗುತ್ತಿತ್ತು. ಮಂಗಳವಾರ, ಗುರುವಾರ, ಶನಿವಾರ. ಹೊರಗೆ ಮಾರ್ಚ್ ತಿಂಗಳ ಬಿಸಿಲಿಗೆ ಹೆದ್ದಾರಿ ಕಾದು ಕಣ್ಣು ಕುಕ್ಕುತ್ತಿದ್ದರೆ, ಒಳಗೆ ಕುಂದಾಪುರದ ಆಸ್ಪತ್ರೆಯೊಂದರ ಡಯಾಲಿಸಿಸ್ ಕೋಣೆಯಲ್ಲಿ ಅವರು ಗದಗದ ನಡುಗುತ್ತ ಮಲಗಿರುತ್ತಿದ್ದರು. ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ಯಂತ್ರದೊಳಗೆ ಸುತ್ತಿ, ಮತ್ತೆ ಮೈಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ, ಕೆಲವರಿಗೆ ಹಾಗಾಗುತ್ತದೆ ಎಂದು ಅಲ್ಲಿನ ನರ್ಸ್ ಹೇಳಿದ್ದರು. ಮೇಲಿಂದ ಏಸಿ ಬೇರೆ. ನಾಲ್ಕು ಗಂಟೆ ಮಗ್ಗುಲು ಬದಲಿಸದೆ ಮಲಗಬೇಕು.

ಮೂವತ್ತು ವರ್ಷ ಸಿದ್ದಾಪುರ–ಕುಂದಾಪುರ ಮಾರ್ಗದಲ್ಲಿ ಬಸ್ಸು ಓಡಿಸಿದ ಮನುಷ್ಯ ಅವರು. ಇಂಜಿನ್ನಿನ ಕಾವು ಎಡ ಮಂಡಿಗೆ ತಾಗುತ್ತಲೇ ಇಷ್ಟು ಕಾಲ ಕಳೆದವರು. ಚಳಿ ಅನ್ನುವ ಮಾತೇ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ನಾನು ಕೊಕ್ಕರ್ಣೆಯ ನಮ್ಮ ಮನೆಯ ಜಗಲಿಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ, ನೈಟಿ ಹೊಲಿಯುವವಳು. ಮೂತ್ರಪಿಂಡ ಕೈಕೊಟ್ಟ ಮೇಲೆ ಇಬ್ಬರ ದಿನಚರಿಯೂ ಬದಲಾಯಿತು. ಬೆಳಿಗ್ಗೆ ಬ್ರಹ್ಮಾವರಕ್ಕೆ ಒಂದು ಬಸ್ಸು, ಅಲ್ಲಿಂದ ಕುಂದಾಪುರಕ್ಕೆ ಇನ್ನೊಂದು. ಅವರನ್ನು ಒಳಗೆ ಬಿಟ್ಟ ಮೇಲೆ ನಾನು ಹೊರಗಿನ ಬೆಂಚಿನಲ್ಲಿ ಕೂತು ಹುಕ್ಕು, ಕಾಜ, ಅಂಚು ಮಡಿಸುವ ಕೈಕೆಲಸ ಮಾಡುತ್ತಿದ್ದೆ.

ಮೊದಲು ಮನೆಯಿಂದ ಉಣ್ಣೆಯ ಕಂಬಳಿ ಒಯ್ದೆ. ಅದು ಭಾರ. ಮೇಲಾಗಿ ಅವರ ಎಡಗೈಗೆ ಸೂಜಿ ಚುಚ್ಚಿರುತ್ತಿತ್ತು. ಚುಚ್ಚಿದ ಜಾಗ ನರ್ಸಿಗೆ ಸದಾ ಕಾಣುತ್ತಿರಬೇಕು, ಹೊದಿಕೆಯ ಅಡಿಗೆ ಹೋಗಬಾರದು. ನರ್ಸ್ ಬಂದಾಗಲೆಲ್ಲ ಕಂಬಳಿಯ ಎಡಭಾಗವನ್ನು ಸರಿಸಿ ಹೋಗುತ್ತಿದ್ದರು. ಕೈ ಕಾಣುತ್ತಿತ್ತು, ಜೊತೆಗೆ ಹೆಗಲು, ಎದೆಯ ಅರ್ಧ ಎಲ್ಲ ಬಯಲಾಗುತ್ತಿತ್ತು. ಇವರು ನಡುಗುತ್ತಿದ್ದರು. ಬಾಗಿಲ ಗಾಜಿನಿಂದ ಅದನ್ನು ನೋಡಿ ನೋಡಿ ನನಗೆ ಸಾಕಾಯಿತು. ಹಗುರವಾದ, ಬೇಗ ಒಣಗುವ ಹೊದಿಕೆಯನ್ನು ನಾನೇ ಹೊಲಿಯುತ್ತೇನೆ ಅಂತ ತೀರ್ಮಾನಿಸಿದೆ. ಘಟ್ಟದ ಮೇಲಿನವರು ಕೌದಿ ಅನ್ನುವುದು, ನಮ್ಮಲ್ಲಿ ಮುಂಬೈಗೆ ಹೋಗಿ ಬಂದವರು ಗೋದಡಿ ಅನ್ನುವುದು, ಅಂಥದ್ದು.

ರವಿಕೆ ಕತ್ತರಿಸಿ ಉಳಿದ ಚೂರುಗಳು ನನ್ನಲ್ಲಿ ಎರಡು ಚೀಲ ತುಂಬ ಇದ್ದವು. ಅಂಗೈಯಗಲದ ತುಂಡುಗಳನ್ನು ಬೆಂಚಿನಲ್ಲಿ ಕೂತು ಕೈಯಿಂದಲೇ ಜೋಡಿಸತೊಡಗಿದೆ. ರೇಷ್ಮೆಗೆ ಪಾಲಿಯೆಸ್ಟರು, ಅದಕ್ಕೆ ವಾಯಿಲು. ಎರಡು ವಾರ ಕಳೆದರೂ ಒಂದು ದಿಂಬಿನ ಚೀಲದಷ್ಟು ಆಗಿರಲಿಲ್ಲ. ಆದಷ್ಟೂ ಕರಿದ ಹಪ್ಪಳದ ಹಾಗೆ ಎದ್ದು ನಿಂತಿತ್ತು.

ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು ಕೂರುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಕೃಶ ದೇಹ, ಎತ್ತಿ ಕಟ್ಟಿದ ಸೀರೆ. ಬೈಂದೂರು ಕಡೆಯ ಕಡಲ ಬದಿಯವರು. ತಮ್ಮನನ್ನು ಕರೆದುಕೊಂಡು ಬರುತ್ತಿದ್ದರು. ತಮ್ಮ ಮೊದಲು ಬೋಟಿಗೆ ಹೋಗುತ್ತಿದ್ದವನು, ಮದುವೆಯಿಲ್ಲ. ಇವರು ಗಂಡನನ್ನು ಕಳೆದುಕೊಂಡ ಮೇಲೆ ಅವನ ಜೊತೆಗೇ ಇದ್ದರು. ಬೆಳಿಗ್ಗೆ ಎದ್ದು ಮನೆಮನೆಗೆ ಮೀನು ಮಾರಿ ಮುಗಿಸಿ, ಮಿಂದು, ತಮ್ಮನನ್ನು ಹೊರಡಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಎರಡು ವಾರ ಅವರು ನನ್ನ ಹೊಲಿಗೆಯನ್ನು ನೋಡುತ್ತ ಕೂತಿದ್ದರೇ ಹೊರತು ಏನೂ ಅಂದಿರಲಿಲ್ಲ. ಒಂದು ಗುರುವಾರ ತಡೆಯಲಾಗದೆ ಕೇಳಿಯೇಬಿಟ್ಟರು.

"ಎಂತ ಹೊಲಿತ್ರಿ ಅದ್?"

"ಹೊದಿಕೆ ಅಕ್ಕ. ನಮ್ಮನೆಯವ್ರಿಗೆ ಒಳಗೆ ಚಳಿ ಆತ್ತ್."

"ನನ್ನ ತಮ್ಮಂಗೂ ಆತ್ತ್. ಆದ್ರೆ ಇಷ್ಟ್ ಸಣ್ಣ್ ತುಂಡ್ ಜೋಡ್ಸಂತಾ ಕೂಕಂಡ್ರೆ ಮಳಿಗಾಲ ಬತ್ತ್. ಅಲ್ಲಿವರಿಗೆ ನಿಮ್ಮ್ ಯಜಮಾನ್ರ್ ನಡುಗ್ತಾ ಇರ್ಕಾ?"

ನನಗೆ ಸಿಟ್ಟು ಬಂತು. ಇಪ್ಪತ್ತೈದು ವರ್ಷ ಹೊಲಿಗೆ ಮಾಡಿದವಳು ನಾನು. ಆದರೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. "ಹಂಗಾರೆ ಎಂತ ಮಾಡೂದ್?" ಅಂದೆ.

"ದೊಡ್ಡ್ ದೊಡ್ಡ್ ತುಂಡ್ ಹಾಕಿ. ಮೈ ಎಂತ ಸಣ್ಣದಾ?"

ನಮ್ಮ ಮಾತು ಕೇಳಿಸಿಕೊಂಡ ನರ್ಸ್, ಊಟದ ಬಿಡುವಿನಲ್ಲಿ ತಮ್ಮ ಫೋನಿನಲ್ಲಿ ಒಂದು ವೀಡಿಯೊ ಹಾಕಿ ತೋರಿಸಿದರು. ಯಾವುದೋ ದೇಶದ ಹೆಂಗಸು. ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಎರಡು ಬಣ್ಣದ ಎರಡು ದೊಡ್ಡ ಚೌಕಗಳನ್ನು ಮುಖಕ್ಕೆ ಮುಖ ಮಾಡಿ ಇಟ್ಟು, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ಗೆರೆಯ ಆಚೆ ಕಾಲು ಇಂಚು, ಈಚೆ ಕಾಲು ಇಂಚು ಬಿಟ್ಟು ಎರಡು ಹೊಲಿಗೆ ಹಾಕಿದಳು. ಆಮೇಲೆ ಗೆರೆಯ ಮೇಲೆಯೇ ಕತ್ತರಿಸಿ ಬಿಡಿಸಿದರೆ ಎರಡೂ ಬಣ್ಣ ಕೂಡಿದ ಎರಡು ಚೌಕ. ಪ್ರತಿಯೊಂದರಲ್ಲೂ ಅರ್ಧ ಒಂದು ಬಣ್ಣದ ತ್ರಿಕೋನ, ಅರ್ಧ ಇನ್ನೊಂದು ಬಣ್ಣದ್ದು. ಕೊನೆಯಲ್ಲಿ ಒಂದು ಪಾರದರ್ಶಕ ಹಲಗೆ ಇಟ್ಟು ನಾಲ್ಕು ಬದಿಯನ್ನೂ ಸವರಿದಳು, ಹೊರಗುಳಿದ ಅಂಚನ್ನು ಕತ್ತರಿಸಿ ತೆಗೆದಳು.

"ಕಡಿಗ್ ಎಂತಕೆ ಕತ್ತರ್ಸೂದ್?" ಅಕ್ಕ ಕೇಳಿದರು.

"ಸಮ ಬರುಕೆ ಇರ್ಕ್," ಅಂದೆ.

"ಮತ್ತೊಂದ್ ಸಲ ಹಾಕಿ ಕಾಂಬ," ಅಂದರು. ಆ ಕೊನೆಯ ಭಾಗವನ್ನು ಅವರು ಮೂರು ಸಲ ನೋಡಿದರು.

ಬಟ್ಟೆಗೆ ನಾನು ದೂರ ಹುಡುಕಬೇಕಾಗಲಿಲ್ಲ. ಇವರ ಏಳು ಖಾಕಿ ಅಂಗಿಗಳು ಕಪಾಟಿನಲ್ಲಿದ್ದವು. ಒಗೆದು ಒಗೆದು ಮೆತ್ತಗಾದ ಒಳ್ಳೆಯ ಹತ್ತಿ. ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ, ಆದರೂ ಕೇಳಿದೆ. ಇವರು ಒಂದನ್ನು ಪಕ್ಕಕ್ಕೆ ತೆಗೆದಿಟ್ಟು, "ಆರ್ ತಕೋ. ಒಂದ್ ಇರ್ಲಿ," ಅಂದರು.

"ಒಂದ್ ಎಂತಕೆ?"

"ಗಾಡಿಗೆ ಡ್ರೈವರ್ ಇಲ್ಲ, ಬನ್ನಿ ಅಂದೇಳಿ ಕರದ್ರೆ? ಬನಿಯನಂಗೆ ಹೋಪುಕೆ ಆತ್ತಾ?"

ನಕ್ಕೆವು. ಆ ಏಳನೆಯದನ್ನು ನಾನು ಇಸ್ತ್ರಿ ಮಾಡಿ ಮತ್ತೆ ಒಳಗಿಟ್ಟೆ.

ಒಂದೊಂದು ಅಂಗಿಯ ಬೆನ್ನಿನಲ್ಲಿ ಹದಿಮೂರೂವರೆ ಇಂಚಿನ ಎರಡು ಚೌಕ ಸಿಕ್ಕಿದವು. ಹನ್ನೆರಡು ಖಾಕಿ. ಜೊತೆಗೆ ನನ್ನದೊಂದು ಹಳೆಯ ನೀಲಿ ಹತ್ತಿ ಸೀರೆಯಿಂದ ಹನ್ನೆರಡು. ಜೋಡಿ ಮಾಡಿ ಹೊಲಿದು ಕತ್ತರಿಸಿದರೆ ಇಪ್ಪತ್ತನಾಲ್ಕು ಚೌಕ ಬರಬೇಕು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಆರು. ಲೆಕ್ಕ ಸುಲಭವಿತ್ತು. ಮೆಷಿನ್ನಿನ ಕೆಲಸವೂ ಸುಲಭವೇ, ಒಂದೂವರೆ ದಿನದಲ್ಲಿ ಅಷ್ಟನ್ನೂ ಹೊಲಿದು, ಕತ್ತರಿಸಿ, ಬಿಡಿಸಿ, ಇಸ್ತ್ರಿ ಹೊಡೆದೆ. ಆಮೇಲೆ ಒಂದರ ಮೇಲೊಂದು ಪೇರಿಸಿ ನೋಡಿದರೆ ಒಂದೂ ಇನ್ನೊಂದರ ಹಾಗಿಲ್ಲ. ಒಂದು ಪತಂಗದ ಹಾಗೆ ಮೂಲೆ ಚಾಚಿದೆ, ಒಂದರ ನಡುವಿನ ಹೊಲಿಗೆ ಹಾವಿನ ಹಾಗೆ ಹರಿದಿದೆ. ರವಿಕೆಯ ತೋಳಿಗೆ, ಕೊರಳಿಗೆ ಓರೆ ಬಟ್ಟೆ ಕತ್ತರಿಸಿ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ರವಿಕೆಯಲ್ಲಿ ಓರೆ ಅಂದರೆ ಒಂದು ಗೇಣು. ಇಲ್ಲಿ ಹತ್ತೊಂಬತ್ತು ಇಂಚಿನ ಓರೆ. ಅಷ್ಟುದ್ದಕ್ಕೂ ಬಟ್ಟೆ ತನಗೆ ಬೇಕಾದಂತೆ ಎಳೆದುಕೊಂಡಿತ್ತು.

ಶನಿವಾರ ಆ ಕಟ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಅಕ್ಕ ಒಂದನ್ನು ತೆಗೆದುಕೊಂಡು ಬದಿ ಹಿಡಿದು ಎಳೆದರು, ಆಮೇಲೆ ಮೂಲೆ ಹಿಡಿದು ಎಳೆದರು. ಅವರ ಮುಖ ಅರಳಿತು.

"ಇದ್ ಬಲಿಯಲ್ದಾ!"

ಮೀನಿನ ಬಲೆಗೂ ಇದಕ್ಕೂ ಏನು ಸಂಬಂಧ ಅಂತ ನನಗೆ ಹೊಳೆಯಲಿಲ್ಲ.

"ಬಲಿ ಕಂಡಿದ್ರ್ಯಾ? ಕಣ್ಣಿನ್ ಬದಿ ಹಿಡ್ದ್ ಎಳೆದ್ರೆ ಅದ್ ಇದ್ದಲ್ಲೇ ಇರತ್ತ್. ಮೂಲಿ ಹಿಡ್ದ್ ಎಳೆದ್ರೆ ಉದ್ದ ಆತ್ತ್. ಬಟ್ಟಿನೂ ನೂಲೇ ಅಲ್ದಾ. ನೀವ್ ಮೂಲಿಂದ ಮೂಲಿಗೆ ಹೊಲ್ದ್ ಬಿಟ್ಟ್, ಅದ್ರ್ ಮೇಲ್ ಇಸ್ತ್ರಿ ಎಳೆದ್ರಿ."

"ಎಳಿದೆ ಇಸ್ತ್ರಿ ಹಾಕೂದ್ ಹ್ಯಾಂಗೆ?"

"ಎತ್ತಿ ಇಡಿ, ಎತ್ತಿ ಇಡಿ. ದೋಸಿ ಒತ್ತದಾಂಗೆ."

ಅವರ ಅಪ್ಪ ಬಲೆ ಕಟ್ಟುವವರಾಗಿದ್ದರಂತೆ. ಚಿಕ್ಕಂದಿನಲ್ಲಿ ಇವರು ಅಪ್ಪನ ಪಕ್ಕ ಕೂತು ಹರಿದ ಬಲೆ ಸರಿಮಾಡುತ್ತಿದ್ದರು. ಶಾಲೆ ನಾಲ್ಕನೆಯ ಕ್ಲಾಸಿಗೆ ಮುಗಿದಿತ್ತು. ಬಲೆಯ ಕಣ್ಣೆಲ್ಲ ಒಂದೇ ಅಳತೆಗೆ ಬರಲು ಒಂದು ಬಿದಿರಿನ ಪಟ್ಟಿ ಹಿಡಿಯುತ್ತಾರೆ. ಮುಂದಿನ ವಾರ ಅದೇ ಥರ, ಕಾಲು ಇಂಚು ಅಗಲಕ್ಕೆ ಸೀಳಿ ನುಣುಪು ಮಾಡಿದ ಪಟ್ಟಿಯೊಂದನ್ನು ನನಗೆ ತಂದುಕೊಟ್ಟರು. ಓರೆ ಅಂಚಿಗೆ ಅದನ್ನು ತಾಗಿಸಿಟ್ಟು ಪೆನ್ಸಿಲ್ ಎಳೆದರೆ ಹೊಲಿಗೆ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಹಾಳಾದ ಹೊಲಿಗೆಗಳನ್ನು ಬಿಚ್ಚಿ, ಬಟ್ಟೆಯನ್ನು ಒದ್ದೆ ಮಾಡಿ ಒಣಗಿಸಿ, ಎರಡೆರಡು ತ್ರಿಕೋನವನ್ನು ಮತ್ತೆ ಜೋಡಿಸಿ ಹೊಲಿದೆ. ಈ ಸಲ ಇಸ್ತ್ರಿಯನ್ನು ಎತ್ತಿ ಎತ್ತಿ ಇಟ್ಟೆ.

ಸವರಲು ಹಲಗೆ ಬೇಕಿತ್ತು. ಅಕ್ಕನ ತಮ್ಮ ಒಳ್ಳೆಯ ಉಪಾಯ ಹೇಳಿದ. ಬಸ್‌ ನಿಲ್ದಾಣದ ಹತ್ತಿರ ಅಂಗಡಿಗಳಿಗೆ ಬೋರ್ಡ್ ಮಾಡುವವರಿದ್ದರು. ಅವರಲ್ಲಿ ಅಕ್ರಿಲಿಕ್ ಹಲಗೆಯ ಉಳಿಕೆ ತುಂಡು ಸಿಗುತ್ತದೆ ಎಂದ. ಹನ್ನೆರಡೂವರೆ ಇಂಚಿಗೆ ಕರಾರುವಾಕ್ಕಾಗಿ ಚೌಕ ಕತ್ತರಿಸಿಕೊಟ್ಟರು. ಮೂಲೆಯಿಂದ ಮೂಲೆಗೆ ಒಂದು ಗೆರೆ ಕೊರೆದು ಕೆಂಪು ಬಣ್ಣ ತುಂಬಿಸಿಕೊಂಡೆವು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬೆಳಗಿನ ತಿಂಡಿ ಮುಗಿದು ಊಟ ಶುರುವಾಗುವವರೆಗೆ ಮೂಲೆಯ ಮೇಜು ಖಾಲಿ ಇರುತ್ತಿತ್ತು. ನಾವು ಅಲ್ಲಿ ಕೂತೆವು. ನಾನು ರೂಢಿಯಂತೆ ಹಲಗೆಯನ್ನು ಬಟ್ಟೆಯ ಅಂಚಿಗೆ ಸರಿಹೊಂದಿಸಿದೆ. ಅಕ್ಕ ತಡೆದರು.

"ಅಂಚ್ ಕಾಂಬುದ್ ಕಡಿಗೆ. ಮದ್ಲ್ ಕೆಂಪ್ ಗೆರಿ ಹೊಲಿಗಿ ಮೇಲ್ ಕೂರ್ಕ್. ಈ ತುದಿಂದ ಆ ತುದಿವರಿಗೆ. ಹೊಲಿಗಿ ಸರಿಯಾರೆ ಅಂಚ್ ತನ್ನಷ್ಟಕ್ಕೆ ಸರಿ ಆತ್ತ್."

ವೀಡಿಯೊದ ಹೆಂಗಸೂ ಮಾಡಿದ್ದು ಅದನ್ನೇ. ನಾನು ನೋಡಿದ್ದೆ, ಗಮನಿಸಿರಲಿಲ್ಲ.

"ನೀವೇ ಮಾಡಿ ಅಕ್ಕ," ಎಂದು ಕತ್ತರಿ ಕೊಟ್ಟೆ. ಅವರು ತಟ್ಟನೆ ಕೈ ಹಿಂದೆ ತೆಗೆದುಕೊಂಡರು. ಅಂಗೈಯನ್ನು ಮೂಸಿ ನೋಡಿಕೊಂಡರು.

"ಸಾಬೂನ್ ಹಾಕಿ ತೊಳದ್ದೆ. ಆದ್ರೂ ಮೀನ್ ವಾಸ್ನಿ ಬಟ್ಟಿಗೆ ಹಿಡಿತ್ತೇನೊ."

"ನಾವ್ ದಿನಾ ತಿಂಬುದ್ ಅದನ್ನೇ ಅಲ್ದಾ. ಹಿಡಿಲಿ, ಹಸಿವಾರೂ ಆತ್ತ್ ಇವ್ರಿಗೆ."

ಜೋರಾಗಿ ನಕ್ಕರು. ಆವತ್ತಿನಿಂದ ನನ್ನನ್ನು 'ನೀವು' ಅನ್ನುವುದನ್ನು ಬಿಟ್ಟು 'ನೀನು' ಅಂದರು. ನನಗೆ ಅದು ಒಳಗೆ ಹಿತವಾಯಿತು.

ಅವರ ಕೆಲಸ ನೋಡುವುದೇ ಒಂದು ಸುಖ. ಕೆಂಪು ಗೆರೆಯನ್ನು ಹೊಲಿಗೆಯ ಮೇಲೆ ಕೂರಿಸುವಾಗ ಉಸಿರು ಹಿಡಿಯುತ್ತಿದ್ದರು. ಆಮೇಲೆ ಎಡಗೈಯ ಐದೂ ಬೆರಳನ್ನು ಜೇಡದ ಹಾಗೆ ಹರಡಿ ಹಲಗೆಯನ್ನು ಒತ್ತಿ, ಎರಡು ಬದಿಗೆ ಚಾಕ್‌ ಎಳೆದು ಕತ್ತರಿಸುವುದು. ತಿರುಗಿಸುವಾಗ ಬಟ್ಟೆಯನ್ನು ಎತ್ತುತ್ತಿರಲಿಲ್ಲ, ಅದರ ಕೆಳಗೆ ಹಾಕಿದ್ದ ರಟ್ಟನ್ನೇ ತಿರುಗಿಸುತ್ತಿದ್ದರು. ಎತ್ತಿದರೆ ಮೂಲೆ ಜಗ್ಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಮತ್ತೆ ಗೆರೆ, ಮತ್ತೆ ಎರಡು ಬದಿ. ಮೇಜಿನ ಮೇಲೆ ನೂಲಿನೆಳೆಯಂಥ ಚೂರುಗಳು ಬೀಳುತ್ತಿದ್ದವು. ಒಂದು ಚೌಕಕ್ಕೆ ಕಾಲು ಗಂಟೆಯಾದರೂ ಅವಸರ ಮಾಡಲಿಲ್ಲ. ಮುಗಿದದ್ದನ್ನು ಮುಗಿದುದರ ಮೇಲೆ ಇಟ್ಟು ಬೆರಳಿನಿಂದ ಅಂಚು ಮುಟ್ಟಿ ನೋಡುತ್ತಿದ್ದರು. ಕಣ್ಣಿಗೆ ಕಾಣದ ವ್ಯತ್ಯಾಸ ಬೆರಳಿಗೆ ಸಿಗುತ್ತಿತ್ತು.

ಮೂರು ದಿನದಲ್ಲಿ ಇಪ್ಪತ್ಮೂರು ಮುಗಿದವು. ಒಂದು ಉಳಿಯಿತು. ಮೂರನೆಯ ದಿನ, ಗುರುವಾರ, ಅವರ ಬಸ್ಸಿನ ಹೊತ್ತು ಹತ್ತಿರವಾಗಿ ಅವರು ಹೊರಟುಬಿಟ್ಟರು. ನಾನು ಶುಕ್ರವಾರ ಮನೆಯಲ್ಲಿ, ಒಂದೇ ಒಂದಲ್ಲವೇ, ನಾನೇ ಮಾಡುತ್ತೇನೆ ಅಂದುಕೊಂಡೆ. ಇಷ್ಟು ವರ್ಷದ ದರ್ಜಿ, ಒಂದು ಚೌಕ ಸವರಲಾರೆನೇ? ಮೊದಲ ಎರಡು ಬದಿ ಕತ್ತರಿಸಿದೆ. ಹೊಲಿಗೆ ಮೂಲೆಗೆ ಬರಲಿಲ್ಲ, ಎರಡು ನೂಲು ಆಚೆ ಹೋಯಿತು. ಸರಿ ಮಾಡಲು ಇನ್ನೊಂದು ಬದಿ ಸವರಿದೆ. ಆಗ ಎದುರು ಮೂಲೆ ತಪ್ಪಿತು. ಅದನ್ನೂ ಸವರಿದೆ. ಸರಿ ಮಾಡುತ್ತ ಮಾಡುತ್ತ ಅದು ಹನ್ನೊಂದೂವರೆ ಇಂಚಿಗೆ ಇಳಿಯಿತು. ಅಷ್ಟು ದೊಡ್ಡ ಬೇರೆ ಖಾಕಿ ತುಂಡು ಇರಲಿಲ್ಲ.

ಜಗಲಿಯಲ್ಲಿ ಕೂತು ನೋಡುತ್ತಿದ್ದ ಇವರು ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಏಳನೆಯ ಅಂಗಿ ಇತ್ತು.

"ತಕೋ, ಕತ್ತರ್ಸ್."

"ಬ್ಯಾಡ."

"ನನ್ನನ್ ಇನ್ನ್ ಯಾರ್ ಗಾಡಿಗ್ ಕರಿತ್ರ್? ಕತ್ತರ್ಸ್."

ನನಗೆ ಆ ಅಂಗಿಗೆ ಕತ್ತರಿ ಹಾಕಲು ಆಗಲಿಲ್ಲ. ಮಡಚಿ ಒಳಗಿಟ್ಟು ಬಂದೆ. 

ಶನಿವಾರ ಅಕ್ಕನ ಮುಂದೆ ಆ ಚಿಕ್ಕದಾದ ಚೌಕವನ್ನು ಇಟ್ಟಾಗ ನನಗೆ ಪರೀಕ್ಷೆಯಲ್ಲಿ ನಪಾಸಾದವಳ ಹಾಗಾಗಿತ್ತು. ಅವರು ಬಯ್ಯಲಿಲ್ಲ. ಇಪ್ಪತ್ಮೂರನ್ನೂ ಕ್ಯಾಂಟೀನಿನ ಮೇಜಿಗೆ ಮೇಜು ಸೇರಿಸಿ ಹರಡಿದರು. ಒಂದು ಜಾಗ ಖಾಲಿ ಉಳಿಯಿತು. ಅದನ್ನು ನೋಡುತ್ತ ನಿಂತರು. ಆಮೇಲೆ ಹೋಗಿ ಡಯಾಲಿಸಿಸ್ ಕೋಣೆಯ ಗಾಜಿನಿಂದ ಒಳಗೆ ನೋಡಿದರು. ಒಳಗೆ ನರ್ಸ್ ಇವರ ಕಂಬಳಿಯನ್ನು ಎಂದಿನ ಹಾಗೆ ಸರಿಸುತ್ತಿದ್ದರು.

ಅಕ್ಕ ತಿರುಗಿ ಬಂದು, "ಒಂದ್ ಕಮ್ಮಿ ಇದ್ರೇ ಒಳ್ಳೆದ್ ಮಾರಾಯ್ತಿ," ಅಂದರು.

"ಅದ್ ಹ್ಯಾಂಗೆ?"

"ಕೈ ಹೊರಗ್ ಬಪ್ಪುಕೆ ಜಾಗ ಬೇಕಲ್ದಾ."

ನನಗೆ ಹೊಳೆಯಿತು. "ಎಡದ್ ಮೂಲಿ ಬಿಡುವಾ ಹಂಗಾರೆ?" ಅಂದೆ.

ಅಕ್ಕ ಒಂದು ಕ್ಷಣ ತಮ್ಮ ಹೆಗಲನ್ನೇ ಮುಟ್ಟಿ ನೋಡಿಕೊಂಡರು. "ಮೂಲಿ ಬಿಟ್ರೆ ಹೆಗಲಿಗೆ ಚಳಿ. ಮೂಲಿ ಇರ್ಲಿ, ಹೆಗಲ್ ಮುಚ್ಚತ್ತ್. ಅದ್ರ್ ಕೆಳಗಿಂದ್ ಬಿಡ್. ಅಲ್ಲಿಂದ ಕೈ ಹೊರಗ್ ತೆಗ್ದ್ ಹೊದಿಕಿ ಮೇಲೇ ಇಟ್ಕಂತ್ರ್."

ಎಡ ಬದಿಯಲ್ಲಿ, ಮೇಲಿನಿಂದ ಎರಡನೆಯ ಸಾಲಿನ ಚೌಕ ಇಲ್ಲ. ಅಷ್ಟೇ. ಅಷ್ಟು ದಿನ ಕಂಬಳಿ ಸರಿಸುವುದನ್ನು ನೋಡಿದವಳು ನಾನು, ಹೊಲಿಗೆ ಗೊತ್ತಿದ್ದವಳು ನಾನು. ನನ್ನ ತಲೆಗೆ ಅದು ಬಂದಿರಲಿಲ್ಲ. ಬೇರೆಯವರ ತಪ್ಪನ್ನು ಎದುರಿಗಿಟ್ಟುಕೊಂಡು ಅದರಿಂದ ಏನು ಉಪಯೋಗ ಅಂತ ನೋಡುವ ಬುದ್ಧಿ ಎಲ್ಲರಿಗೂ ಇರುವುದಿಲ್ಲ.

ಒಳಗೆ ಒಂದು ಪದರ ಹಳೆಯ ಹತ್ತಿ ಸೀರೆ, ಕೆಳಗೆ ಇನ್ನೊಂದು. ಬಿಟ್ಟ ಜಾಗದ ಸುತ್ತ ಪಟ್ಟಿ ಕೊಟ್ಟೆ. ಚೌಕಗಳು ಎಷ್ಟು ಸಮವಾಗಿದ್ದವೆಂದರೆ ಸಾಲಿಗೆ ಸಾಲು ಜೋಡಿಸುವಾಗ ಪಿನ್ನು ಹಾಕುವುದೂ ಬೇಕಾಗಲಿಲ್ಲ. ಮೂಲೆಗೆ ಮೂಲೆ ತಾನಾಗಿ ಬಂದು ಕೂತಿತು. ಖಾಕಿಯೂ ನೀಲಿಯೂ ಓರೆಯಾಗಿ ಮೇಲಿಂದ ಕೆಳಗೆ ಇಳಿದುಕೊಂಡು ಹೋದವು. ನೆಲದ ಮೇಲೆ ಹಾಸಿದಾಗ ಎಲ್ಲಿಯೂ ಎದ್ದು ನಿಲ್ಲದೆ ಚಾಪೆಯ ಹಾಗೆ ಬಿದ್ದುಕೊಂಡಿತು. ಇವರು ಅದರ ಸುತ್ತ ಒಂದು ಸುತ್ತು ಬಂದು, "ಕಿಟಕಿ ಇಪ್ಪ ಹೊದಿಕಿ ಇದೇ ಮದ್ಲ್ ಕಂಡದ್ದ್," ಅಂದರು.

ಮಂಗಳವಾರ ಅದನ್ನು ಹೊದೆಸಿದೆ. ನರ್ಸ್ ಬಂದರು, ಕಂಬಳಿ ಸರಿಸುವ ಅಭ್ಯಾಸದಲ್ಲಿ ಕೈ ಚಾಚಿದರು, ಸರಿಸಲು ಏನೂ ಇರಲಿಲ್ಲ. ಹೆಗಲು ಮುಚ್ಚಿತ್ತು, ಕೈ ಹೊರಗಿತ್ತು, ಸೂಜಿ ಕಾಣುತ್ತಿತ್ತು. ಅವರು ನಿಂತು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ಇದನ್ನು ಯಾರು ಯೋಚಿಸಿದ್ದು?"

ನಾನು ಗಾಜಿನಾಚೆ ನಿಂತಿದ್ದ ಅಕ್ಕನನ್ನು ತೋರಿಸಿದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲಿಂದ ಓಡಿಯೇ ಹೋದರು. ಅವತ್ತು ಇವರು ನಾಲ್ಕು ಗಂಟೆಯಲ್ಲಿ ಎರಡು ಗಂಟೆ ನಿದ್ದೆ ಮಾಡಿದರು. ಗೊರಕೆ ಹೊರಗಿನ ಬೆಂಚಿಗೆ ಕೇಳುತ್ತಿತ್ತು. ಆ ಗೊರಕೆಗೆ ಮೊದಲೆಲ್ಲ ಬೇಸರಪಡುತ್ತಿದ್ದವಳು ನಾನು.

ಎರಡನೆಯದು ಅಕ್ಕನ ತಮ್ಮನಿಗೆ. ಅವನ ಚೌಕಳಿ ಲುಂಗಿಗಳು, ಜೊತೆಗೆ ನನ್ನಲ್ಲಿದ್ದ ಹಸಿರು ಲೈನಿಂಗ್ ಬಟ್ಟೆ. ಅವನಿಗೆ ಸೂಜಿ ಬಲಗೈಗೆ, ಆದ್ದರಿಂದ ಕಿಟಕಿ ಬಲಕ್ಕೆ. ಆಮೇಲೆ ಕೋಟದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಹೆಂಡತಿಯ ಸೀರೆಗಳನ್ನು ತಂದುಕೊಟ್ಟರು. ಸಿದ್ದಾಪುರದಿಂದ ಬರುತ್ತಿದ್ದ ಹೆಂಗಸೊಬ್ಬರು ಮಗಳ ಹಳೆಯ ಚೂಡಿದಾರಗಳನ್ನು ತಂದರು. ಹಾಗೆ ಒಬ್ಬೊಬ್ಬರೇ ಕೇಳುತ್ತ ಹೋದರು. ಕೆಲಸದ ಕ್ರಮ ತಾನಾಗಿ ಗೊತ್ತಾಯಿತು. ಹೊಲಿಯುವುದು ನಾನು, ಸವರುವುದು ಅಕ್ಕ.

ಅವರಷ್ಟು ನಿಷ್ಠುರವಾಗಿ ನನ್ನ ಕೆಲಸ ನೋಡಿದವರು ಇನ್ನೊಬ್ಬರಿಲ್ಲ. ಮೇಷ್ಟ್ರ ಕೌದಿಯಲ್ಲಿ ಒಂದೇ ದಿನ ಐದು ಚೌಕ ಹಿಂದಕ್ಕೆ ಕೊಟ್ಟರು.

"ಇದ್ ಬಿಚ್ಚ್. ಹೊಲಿಗಿ ನಡುವಂಗೆ ಬಗ್ಗಿತ್ತ್."

"ಸವರ್ವಾಗ ಸರಿ ಆತಿಲ್ಯಾ ಅಕ್ಕ?"

"ಅಂಚ್ ಸರಿ ಮಾಡ್ಲಕ್ಕ್. ನಡು ಬಗ್ಗದ್ದನ್ನ್ ನಾನೆಂತ ಮಾಡುಕ್ ಆತ್ತ್?"

ದಿನಬಳಕೆಯ ರವಿಕೆಗೆ ಇಷ್ಟು ಸಾಕು ಅನ್ನುವ ನನ್ನ ಅಭ್ಯಾಸವೊಂದಿತ್ತು. ಗಿರಾಕಿಗೆ ಕಾಣದ ಕಡೆ ಸ್ವಲ್ಪ ಆಚೀಚೆಯಾದರೂ ಬಿಟ್ಟುಬಿಡುತ್ತಿದ್ದೆ. ಅಕ್ಕನ ಎದುರಿಗೆ ಅದು ನಡೆಯಲಿಲ್ಲ. ಬಿಚ್ಚಿದೆ, ಮತ್ತೆ ಹೊಲಿದೆ. ಆ ವರ್ಷ ನನ್ನ ರವಿಕೆಗಳೂ ಚೆನ್ನಾಗಿ ಬರತೊಡಗಿದವು ಎಂದು ಊರಿನ ಇಬ್ಬರು ಮೂವರು ಹೇಳಿದರು. ಕಾರಣ ನಾನು ಅವರಿಗೆ ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ತಮ್ಮನಿಗೆ ಮನೆಗೆ ಹತ್ತಿರದಲ್ಲೇ ಡಯಾಲಿಸಿಸ್‌ಗೆ ಜಾಗ ಸಿಕ್ಕಿತು. ಒಳ್ಳೆಯ ಸುದ್ದಿಯೇ. ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಕೊಂಡು ಬರುವ ಕಷ್ಟ ತಪ್ಪಿತು. ಆದರೆ ಕೊನೆಯ ಶನಿವಾರ, ಡಯಾಲಿಸಿಸ್ ಮುಗಿದು ಎಲ್ಲರೂ ಕ್ಯಾಂಟೀನಿನ ಮೇಜಿನಲ್ಲಿ ಕೂತಾಗ, ಅಕ್ಕ ಹಲಗೆಯನ್ನು ನನ್ನ ಕಡೆಗೆ ಸರಿಸಿದರು. ಅರ್ಧ ಮುಗಿದ ಕೌದಿ ಎರಡಿದ್ದವು.

"ನೀನೇ ಸವರ್ ಇನ್ನ್. ಹಲಗಿ ಇಟ್ಕೋ," ಅಂದರು.

"ನಂಗ್ ಬತ್ತಿಲ್ಲ ಅಕ್ಕ. ಹನ್ನೊಂದೂವರಿ ಮಾಡ್ತೆ."

ಮೇಜಿನ ಆ ಕಡೆ ಕೂತಿದ್ದ ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಬಸ್ಸ್ ಎಂತಕಿತ್ತ್? ಕಟ್ಟಿ ಕೊಡಿ, ನಾನ್ ಹೇಳ್ತೆ ಕಂಡಕ್ಟ್ರಿಗೆ."

ಕುಂದಾಪುರಕ್ಕೆ ಬರುವ ಬಸ್ಸುಗಳ ಕಂಡಕ್ಟರುಗಳೆಲ್ಲ ಅವರಿಗೆ ಗೊತ್ತು. ಹಲಗೆ ಅಕ್ಕನ ಜೊತೆ ಹೋಯಿತು. ಹಾಗೆ ಶುರುವಾಯಿತು. ನಾನು ಹೊಲಿದ ಚೌಕಗಳನ್ನು ರಟ್ಟಿನ ನಡುವೆ ಇಟ್ಟು, ಮಡಚದೆ, ಪ್ಲಾಸ್ಟಿಕ್ ಸುತ್ತಿ ಕಟ್ಟುತ್ತೇನೆ. ಕೊಕ್ಕರ್ಣೆಯಿಂದ ಕುಂದಾಪುರದವರೆಗೆ ನಾವೇ ಒಯ್ದು, ಅಲ್ಲಿ ಬೈಂದೂರು ಬಸ್ಸಿಗೆ ಕೊಡುತ್ತೇವೆ. ಮುಂದಿನ ವಾರ ಅದೇ ಬಸ್ಸಿನಲ್ಲಿ ಸವರಿದ್ದು ಬರುತ್ತದೆ. "ಹ್ವಾಯ್, ನಿಮ್ಮ ತ್ರಿಕೋನ ಬಂತ್!" ಎಂದು ಕಂಡಕ್ಟರು ಕಿಟಕಿಯಿಂದ ಕೂಗಿ ಕೊಡುತ್ತಾರೆ. ಮೊದಲ ತಿಂಗಳು ನಾನು ಬಂದ ಕಟ್ಟನ್ನು ಬಿಚ್ಚಿ ಪ್ರತಿಯೊಂದನ್ನೂ ಟೇಪು ಹಿಡಿದು ಅಳೆಯುತ್ತಿದ್ದೆ. ಒಂದಾದರೂ ಹನ್ನೆರಡೂವರೆಯಿಂದ ಒಂದು ನೂಲು ಆಚೆ ಈಚೆ ಇರಲಿಲ್ಲ. ಆಮೇಲೆ ಅಳೆಯುವುದನ್ನು ಬಿಟ್ಟೆ. ಅಳೆದರೆ ಅವರಿಗೆ ಅವಮಾನ ಮಾಡಿದ ಹಾಗೆ ಅನ್ನಿಸಿತು.

ಕಳೆದ ತಿಂಗಳು, ಡಯಾಲಿಸಿಸ್ ಇಲ್ಲದ ಒಂದು ಭಾನುವಾರ, ನಾನೂ ಇವರೂ ಅಕ್ಕನ ಮನೆಗೆ ಹೋದೆವು. ಅದೇ ಮೊದಲ ಸಲ. ತಮ್ಮ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ, ಮೊದಲಿಗಿಂತ ಸ್ವಲ್ಪ ತುಂಬಿಕೊಂಡಿದ್ದ. ಇವರೂ ಅವನೂ ಯಾರು ಎಷ್ಟು ನೀರು ಕುಡಿಯಬಹುದು, ಯಾವ ಹಣ್ಣು ತಿನ್ನಬಾರದು ಎಂಬ ಮಾತಿಗೆ ಬಿದ್ದರು. ಅಕ್ಕ ನನ್ನನ್ನು ಒಳಗೆ ಕರೆದರು. ಕಿಟಕಿಯ ಹತ್ತಿರ, ಬಟ್ಟೆ ಮುಚ್ಚಿದ್ದ ಏನನ್ನೋ ತೋರಿಸಿ, ಸಂಕೋಚದಿಂದ ಮುಸುಕು ತೆಗೆದರು. ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮೆಷಿನ್. ಯಾರೋ ನೆರೆಯವರು ಕೊಟ್ಟದ್ದಂತೆ.

"ನಾನೂ ಒಂದ್ ಹೊಲಿಯುಕ್ ಹಿಡ್ದೆ. ನಗಾಡುಕಾಗ."

ತಾವೇ ಹೊಲಿದ ಒಂದು ಚೌಕವನ್ನು ಕೈಗೆ ಕೊಟ್ಟರು. ಅಂಚುಗಳು ಎಂದಿನಂತೆ ಕರಾರುವಾಕ್ಕಾಗಿದ್ದವು. ನಡುವಿನ ಹೊಲಿಗೆ ಮಾತ್ರ ಕುಡಿದವನು ನಡೆದ ಹಾಗೆ ಇತ್ತು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

"ಎಂತ ಹೇಳ್ತೆ? ಬಿಚ್ಚುಕಾ?"

"ಬಿಚ್ಚಿ ಅಕ್ಕ. ನಡು ಬಗ್ಗಿತ್ತ್."

"ಹ್ಯಾಂಗ್ ನೆಟ್ಟಗ್ ತಕಂಬುದ್ ಹೇಳಿಕೊಡ್ ಹಂಗಾರೆ. ತುಳಿತೆ, ಅದ್ ಹಿಂದ್ ಹೋತ್ತ್."

ಅವರನ್ನು ಕೂರಿಸಿದೆ. ಕಾಲನ್ನು ಒಂದು ಮುಂದೆ ಒಂದು ಹಿಂದೆ ಇಡಿಸಿದೆ. ಮೊದಲು ಚಕ್ರಕ್ಕೆ ಕೈ ಕೊಟ್ಟು, ಆಮೇಲೆ ತುಳಿಯಬೇಕೆಂದೆ. ಬಟ್ಟೆಯನ್ನು ಎಳೆಯಬಾರದು, ಅದೇ ಹೋಗಲು ಬಿಟ್ಟು ದಾರಿ ಮಾತ್ರ ತೋರಿಸಬೇಕೆಂದೆ. ಅವರು ಹಲ್ಲು ಕಚ್ಚಿಕೊಂಡು ತುಳಿದರು. ನೂಲು ಕಡಿಯಿತು. ಪೋಣಿಸಿ ಕೊಟ್ಟೆ. ಮತ್ತೆ ತುಳಿದರು, ಮತ್ತೆ ಕಡಿಯಿತು. ಆರನೆಯದೋ ಏಳನೆಯದೋ ಸಲ ಹೊಲಿಗೆ ಒಂದು ಗೇಣಿನಷ್ಟು ನೆಟ್ಟಗೆ ಹೋಯಿತು. ಆ ಒಂದು ಗೇಣನ್ನು ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೀನು ಸಾರು ಮಾಡಿಟ್ಟಿದ್ದರು. ಉಂಡೆವು, ಮತ್ತೆ ಬಂದು ಮೆಷಿನ್ನಿಗೆ ಕೂತೆವು. ನಮ್ಮ ಬಸ್ಸಿನ ಹೊತ್ತಾಯಿತು ಎಂದು ಹೊರಗಿನಿಂದ ಎರಡು ಸಲ ಕರೆ ಬಂದರೂ ಅಕ್ಕ ಎದ್ದಿರಲಿಲ್ಲ.